ಅಮ್ಮನ ಹಜ್ ಯಾತ್ರೆ: ಸಕ್ಕರೆ ಕಾಯಿಲೆ, ಮೊಣಕಾಲು ನೋವು ಇರುವವರ ತಯಾರಿ ಹೇಗೆ?

ಪ್ರಶ್ನೆ:
ಅಸ್ಸಲಾಮು ಅಲೈಕುಂ. ಈ ಬಾರಿ ಅಮ್ಮನೊಂದಿಗೆ ಹಜ್‌ಗೆ ಹೊರಟಿದ್ದೇನೆ. ಅವರಿಗೆ 64 ವರ್ಷ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಮೊಣಕಾಲು ನೋವೂ ಇದೆ. ವೀಲ್‌ಚೇರ್ ಎಂದರೆ ಸಾಕು, "ಅಲ್ಲಾಹನ ಮನೆಗೆ ಹೋಗಿ ಕುಳಿತುಕೊಂಡು ತವಾಫ್ (ಕಾಬಾದ ಪ್ರದಕ್ಷಿಣೆ) ಮಾಡಲೇ?" ಎಂದು ಕಣ್ಣು ತುಂಬಿಕೊಳ್ಳುತ್ತಾರೆ. ದುಆಗಳನ್ನು (ಪ್ರಾರ್ಥನೆಗಳನ್ನು), ಇಹ್ರಾಮ್‌ನ, ಅಂದರೆ ಹಜ್ ವೇಳೆಯ ಪವಿತ್ರ ಸ್ಥಿತಿಯ, ನಿಯಮಗಳನ್ನು ಕಲಿತಿದ್ದೇವೆ. ಆದರೆ ದೇಹವನ್ನು ಅಣಿಗೊಳಿಸುವುದು ಹೇಗೆ?

ಉತ್ತರ 1:
ವ ಅಲೈಕುಮುಸ್ಸಲಾಂ. ಮೆನಿಂಜೈಟಿಸ್ ಲಸಿಕೆ ಕಡ್ಡಾಯ. ಸೌದಿ ತಲುಪುವ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. ಫ್ಲೂ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ಉತ್ತರ 2:
ಸಹೋದರಿ, ನಾನು ಸಕ್ಕರೆ ಕಾಯಿಲೆಯಿದ್ದ ಅತ್ತೆಯವರನ್ನು ಕರೆದುಕೊಂಡು ಹೋಗಿ ಬಂದವಳು. ಎಲ್ಲಕ್ಕಿಂತ ಮೊದಲು ಪಾದಗಳನ್ನು ನೋಡಿಕೊಳ್ಳಿ. ಇಹ್ರಾಮ್‌ನಲ್ಲಿ ಹೊಲಿಯದ ಬಟ್ಟೆ, ತೆರೆದ ಚಪ್ಪಲಿಯ ನಿಯಮ ಗಂಡಸರಿಗೆ ಮಾತ್ರ. ಹೆಂಗಸರು ಕಾಲುಚೀಲ, ಶೂ ಧರಿಸಬಹುದು. ಈಗಲೇ ಮೆತ್ತನೆಯ ಶೂ ಕೊಂಡು, ಬೆಳಗಿನ ಫಜ್ರ್ ನಮಾಜಿನ ನಂತರ ಅದನ್ನೇ ಹಾಕಿಸಿ ನಡೆಸಿ. ಹೊಸ ಶೂವನ್ನು ಅಲ್ಲಿಗೆ ಒಯ್ಯಲೇಬೇಡಿ. ಸಈಯಲ್ಲಿ, ಅಂದರೆ ಸಫಾ ಮತ್ತು ಮರ್ವಾ ಗುಡ್ಡಗಳ ನಡುವೆ ಏಳು ಬಾರಿ ಸಾಗಿದರೆ ಸುಮಾರು 3 ಕಿ.ಮೀ. ಆಗುತ್ತದೆ. ವೈದ್ಯರು ಒಪ್ಪಿದರೆ ನಿಧಾನವಾಗಿ ಆ ದೂರಕ್ಕೆ ಕಾಲನ್ನು ಒಗ್ಗಿಸಿ.

ಯಾತ್ರಿಕರು ತಂಗುವ ಮಿನಾದ ಡೇರೆಯಲ್ಲಿ ಪ್ರತಿ ರಾತ್ರಿ ಮೊಬೈಲ್ ಬೆಳಕಿನಲ್ಲಿ ಅತ್ತೆಯವರ ಬೆರಳ ಸಂದುಗಳನ್ನು ನೋಡುತ್ತಿದ್ದೆ. ಒಮ್ಮೆ ಕಿರುಬೆರಳಿನ ಬುಡದಲ್ಲಿ ನೀರು ತುಂಬಿದ ಗುಳ್ಳೆ ಎದ್ದಿತ್ತು, ಅವರಿಗೆ ಅದರ ಅರಿವೇ ಇರಲಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಮಂದವಾಗುವುದರಿಂದ ನೋವಾದಾಗ ಹೇಳುತ್ತಾರೆಂದು ಕಾಯಬೇಡಿ.

ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿಯೂ ಇರಲಿ. ವಿಮಾನದ ಸಾಮಾನು ವಿಭಾಗದಲ್ಲಿ ಅದು ಹೆಪ್ಪುಗಟ್ಟಬಹುದು. ಬಿಸಿಲೂ ಅದನ್ನು ಕೆಡಿಸುತ್ತದೆ, ಮಂಜುಗಡ್ಡೆಗೆ ನೇರವಾಗಿ ತಾಗಿದರೂ ಕೆಡುತ್ತದೆ. 2024ರಲ್ಲಿ ಮಕ್ಕಾದ ತಾಪಮಾನ 50 ಡಿಗ್ರಿ ದಾಟಿತ್ತು, ಆ ಹಜ್‌ನಲ್ಲಿ ಸಾವಿರಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರು. ಕೊಡೆ, ನೀರು, ಉಪ್ಪು-ಸಕ್ಕರೆಯ ದ್ರಾವಣದ ಪೊಟ್ಟಣ ಬೇಕೇಬೇಕು, ಆದರೆ ಅಮ್ಮನಿಗೆ ಎಷ್ಟು ಕೊಡಬೇಕೆಂದು ವೈದ್ಯರಿಂದ ತಿಳಿದುಕೊಳ್ಳಿ.

ಇನ್ನು ವೀಲ್‌ಚೇರ್. ಪ್ರವಾದಿಯವರ ಪತ್ನಿ ಉಮ್ಮು ಸಲಮಾ ಅವರು ಅಸ್ವಸ್ಥರಾಗಿದ್ದಾಗ ಪ್ರವಾದಿಯವರೇ ಅವರಿಗೆ ಸವಾರಿಯ ಮೇಲೆ ಕುಳಿತು ಜನರ ಹಿಂದಿನಿಂದ ತವಾಫ್ ಮಾಡಲು ಹೇಳಿದರು. ಪ್ರವಾದಿಯವರ ನಡೆ-ನುಡಿಗಳ (ಹದೀಸ್‌ಗಳ) ಸಂಗ್ರಹವಾದ ಬುಖಾರಿಯಲ್ಲಿ ಇದು ದಾಖಲಾಗಿದೆ, ಅಮ್ಮನಿಗೆ ಓದಿ ಹೇಳಿ. ಕುಳಿತು ಮಾಡಿದರೆ ಪುಣ್ಯ ಕಡಿಮೆ ಎನ್ನುವ ಮಾತನ್ನು ಬಂಧುಗಳು ಆಡಿದಾಗ ನನಗೆ ನಿಜಕ್ಕೂ ಕೋಪ ಬರುತ್ತದೆ. ಅರಫಾತ್ ಬಯಲಿನಲ್ಲಿ ಪ್ರಾರ್ಥಿಸುತ್ತ ಕಳೆಯುವ ದಿನಕ್ಕೆ ಶಕ್ತಿ ಉಳಿಯಬೇಕು, ಹಜ್‌ನ ಜೀವಾಳವೇ ಅದು.

ಪ್ರಶ್ನೆ ಕೇಳಿದವರು:
ಜಝಾಕಲ್ಲಾಹು ಖೈರನ್. ಹದೀಸ್ ಓದಿ ಹೇಳಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಸಈಗೆ ಕುಳಿತುಕೊಳ್ಳುತ್ತೇನೆ" ಎಂದರು. ಸೈತಾನನ ಸಂಕೇತಕ್ಕೆ ಕಲ್ಲೆಸೆಯುವ ಜಮರಾತ್‌ನ ನೂಕುನುಗ್ಗಲಿಗೆ ಏನು ಮಾಡುವುದು?

ಉತ್ತರ 2:
ಅಲ್ಹಮ್ದುಲಿಲ್ಲಾಹ್! ನಿಜವಾಗಿಯೂ ಹೋಗಲಾಗದಿದ್ದರೆ ಅವರ ಪರವಾಗಿ ನೀವು ಕಲ್ಲು ಎಸೆಯಬಹುದು. ಮೊದಲು ನಿಮ್ಮ ಏಳು ಕಲ್ಲು, ಆಮೇಲೆ ಅವರ ಏಳು. ದುರ್ಬಲರು ಅರಫಾತ್‌ನ ನಂತರ ರಾತ್ರಿ ತಂಗುವ ಮುಝ್ದಲಿಫಾದಿಂದ ರಾತ್ರಿಯೇ ಹೊರಡಲು ರಿಯಾಯಿತಿಯೂ ಇದೆ. ಎರಡನ್ನೂ ನಿಮ್ಮ ತಂಡದ ಆಲಿಮರ (ಧಾರ್ಮಿಕ ವಿದ್ವಾಂಸರ) ಬಳಿ ಈಗಲೇ ಕೇಳಿಟ್ಟುಕೊಳ್ಳಿ, ಅಲ್ಲಿ ಆ ಜನಸಂದಣಿಯಲ್ಲಿ ಅವರು ಸಿಗುವುದು ಕಷ್ಟ.