ಈಮ್ಯಾಕ್ಸ್ ಟ್ರ್ಯಾಂಪ್: ಸ್ವಲ್ಪ ಹೊತ್ತು ಬಿಟ್ಟು ಬಂದರೆ ರಿಮೋಟ್ ಫೈಲ್ ಸೇವ್ ಆಗಲ್ಲ, ಎಡಿಟರ್ ಹ್ಯಾಂಗ್

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಬಾಡಿಗೆ ಸರ್ವರ್‌ನಲ್ಲಿರುವ ಪೈಥಾನ್ ಫೈಲ್‌ಗಳನ್ನು ಮನೆಯ ಲಿನಕ್ಸ್ ಲ್ಯಾಪ್‌ಟಾಪ್‌ನಿಂದ ಈಮ್ಯಾಕ್ಸ್ ಎಡಿಟರ್‌ನಲ್ಲೇ ತೆರೆದು ತಿದ್ದುತ್ತೇನೆ. ಟ್ರ್ಯಾಂಪ್ (ದೂರದ ಫೈಲ್ ತೆರೆಯುವ ಈಮ್ಯಾಕ್ಸ್‌ನ ಸೌಲಭ್ಯ), ಎಸ್‌ಎಸ್‌ಎಚ್ (ಸುರಕ್ಷಿತ ರಿಮೋಟ್ ಲಾಗಿನ್) ಮೂಲಕ. ಒಂದೇ ಸಮನೆ ಕೆಲಸ ಮಾಡುತ್ತಿದ್ದರೆ ಏನೂ ತೊಂದರೆ ಇಲ್ಲ. ಊಟ ಮುಗಿಸಿ ಬಂದು ಸೇವ್ ಕೊಟ್ಟರೆ ಮುಗೀತು, ಇಡೀ ಈಮ್ಯಾಕ್ಸ್ ಅಲ್ಲಾಡುವುದಿಲ್ಲ. ಟ್ರ್ಯಾಂಪ್-ಕನೆಕ್ಷನ್-ಟೈಮೌಟ್ (ಕಾಯುವ ಮಿತಿ) 60 ಸೆಕೆಂಡ್ ಇದೆ. ಅದನ್ನು 300 ಮಾಡಿದರೆ ಸರಿಹೋಗುತ್ತಾ? ಸೇವ್ ಮಾಡದೆ ಉಳಿದಿದ್ದು ಹೋಗಿಬಿಟ್ಟರೆ ಅಂತ ಭಯ.

ಉತ್ತರ:
ಜಾಸ್ತಿ ಮಾಡಬೇಡಿ, ಪ್ರಯೋಜನ ಇಲ್ಲ. ಆ 60 ಸೆಕೆಂಡ್ ಹೊಸದಾಗಿ ಕನೆಕ್ಟ್ ಆಗುವಾಗಿನ ಲೆಕ್ಕ. ನಿಮ್ಮದು ಕನೆಕ್ಟ್ ಆದಮೇಲೆ ನಡುದಾರಿಯಲ್ಲಿ ಕಡಿದುಹೋಗುತ್ತಿದೆ.

ಮೊದಲು ಈಮ್ಯಾಕ್ಸ್ ಬಿಟ್ಟು ನೋಡಿ. ಬರೀ ಟರ್ಮಿನಲ್‌ನಲ್ಲಿ ಅದೇ ಸರ್ವರ್‌ಗೆ ಲಾಗಿನ್ ಆಗಿ, ಅಷ್ಟೇ ಹೊತ್ತು ಮುಟ್ಟದೆ ಬಿಡಿ. ಬಂದು ಎಂಟರ್ ಒತ್ತಿ. ಅದೂ ಸುಮ್ನೆ ನಿಂತರೆ ತಪ್ಪು ಎಡಿಟರ್‌ದಲ್ಲ.

ಪ್ರಶ್ನೆ ಕೇಳಿದವರು:
ಹೌದು, ಟರ್ಮಿನಲ್ ಕೂಡ ಹಾಗೇ ನಿಂತಿತು! ಆದರೆ ಕನೆಕ್ಷನ್ ಹೋಗಿದೆ ಅಂತ ಒಂದು ಮಾತೂ ಬರಲಿಲ್ಲ.

ಉತ್ತರ:
ಬರುವುದಿಲ್ಲ. ನಡುವೆ ಇರುವ ರೂಟರ್ ಅಥವಾ ಫೈರ್‌ವಾಲ್ ತುಂಬ ಹೊತ್ತು ಮಾತಿಲ್ಲದ ಕನೆಕ್ಷನ್ನನ್ನು ತನ್ನ ಪಟ್ಟಿಯಿಂದ ತೆಗೆದುಹಾಕುತ್ತದೆ, ಎರಡೂ ಕಡೆಗೆ ಹೇಳದೆ. ಉದಾಹರಣೆಗೆ ಅಮೆಜಾನ್ ಕ್ಲೌಡ್ ಎಡಬ್ಲ್ಯುಎಸ್‌ನಲ್ಲಿ ರೂಟರ್‌ನಂತೆ ನಡುವೆ ಕೂರುವ ನ್ಯಾಟ್ ಗೇಟ್‌ವೇ 350 ಸೆಕೆಂಡಿಗೆ ತೆಗೆಯುತ್ತದೆ. ನಿಮ್ಮ ಲ್ಯಾಪ್‌ಟಾಪ್‌ಗೆ ಇದು ಗೊತ್ತಿಲ್ಲ. ಸೇವ್ ಕೊಟ್ಟಾಗ ಪ್ಯಾಕೆಟ್ ಕಳಿಸುತ್ತದೆ, ಉತ್ತರ ಬರದಿದ್ದರೆ ಮತ್ತೆ ಮತ್ತೆ ಕಳಿಸುತ್ತದೆ. ಲಿನಕ್ಸ್ ತಾನಾಗಿ ಕೈಬಿಡುವಷ್ಟರಲ್ಲಿ ಸುಮಾರು 15 ನಿಮಿಷ ಆಗಿರುತ್ತದೆ. ಅಲ್ಲಿಯವರೆಗೆ ಟ್ರ್ಯಾಂಪ್ ಕಾಯುತ್ತದೆ, ಟ್ರ್ಯಾಂಪ್ ಕಾದರೆ ಈಮ್ಯಾಕ್ಸೂ ಕಾಯುತ್ತದೆ.

ಟಿಸಿಪಿ ಕೀಪ್‌ಅಲೈವ್ (ಸುಮ್ಮನಿರುವ ಕನೆಕ್ಷನ್ ಬದುಕಿದೆಯಾ ಅಂತ ಸಿಸ್ಟಮ್ ತಾನೇ ಪ್ಯಾಕೆಟ್ ಕಳಿಸಿ ನೋಡುವುದು) ಆನ್ ಇದೆಯಲ್ಲ ಅಂತ ಕೇಳಬಹುದು. ಇದೆ, ಆದರೆ ಲಿನಕ್ಸ್‌ನಲ್ಲಿ ಅದರ ಮೊದಲ ಪ್ಯಾಕೆಟ್ ಹೊರಡುವುದೇ 7200 ಸೆಕೆಂಡ್, ಅಂದರೆ 2 ಗಂಟೆ ಆದಮೇಲೆ.

ಪರಿಹಾರ ನಿಮ್ಮ ಲ್ಯಾಪ್‌ಟಾಪ್‌ನ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲ್‌ನಲ್ಲಿದೆ. ನಿಮ್ಮ ಸರ್ವರ್‌ನ ಹೋಸ್ಟ್ ಸಾಲಿನ ಕೆಳಗೆ ಎರಡು ಸಾಲು ಹಾಕಿ (ಇಂಗ್ಲಿಷಿನಲ್ಲಿ, ಪದಗಳ ನಡುವೆ ಜಾಗ ಬಿಡದೆ):

ಸರ್ವರ್‌ಅಲೈವ್‌ಇಂಟರ್ವಲ್ 15
ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ 3

ಸರ್ವರ್ ಕಡೆಯಿಂದ 15 ಸೆಕೆಂಡ್ ಏನೂ ಬರದಿದ್ದರೆ ಎಸ್‌ಎಸ್‌ಎಚ್ ತಾನೇ ಒಂದು ಸಲ ಕೂಗಿ ನೋಡುತ್ತದೆ. ಆ ಓಡಾಟ ನೋಡಿ ರೂಟರ್ ಕನೆಕ್ಷನ್ ಉಳಿಸಿಕೊಳ್ಳುತ್ತದೆ. ನಿಜವಾಗಿ ನೆಟ್ ಹೋದರೂ ಸುಮಾರು 45 ಸೆಕೆಂಡಿಗೆ ಎಸ್‌ಎಸ್‌ಎಚ್ ಕೈಬಿಡುತ್ತದೆ, ಮುಂದಿನ ಸೇವ್‌ಗೆ ಟ್ರ್ಯಾಂಪ್ ಹೊಸದಾಗಿ ಕನೆಕ್ಟ್ ಆಗುತ್ತದೆ. ಕಾಯುವ ಹೊತ್ತು ಹೆಚ್ಚಿಸುವುದಲ್ಲ, ಕನೆಕ್ಷನ್ ಹೋಗಿದ್ದು ಬೇಗ ಗೊತ್ತಾಗಬೇಕು.

ನೀವು ಬರೆದಿದ್ದು ಬಫರ್‌ನಲ್ಲೇ (ಈಮ್ಯಾಕ್ಸ್‌ನ ಮೆಮೊರಿಯಲ್ಲೇ) ಇರುತ್ತದೆ, ಭಯ ಬೇಡ. ಹ್ಯಾಂಗ್ ಆದರೆ ಈಮ್ಯಾಕ್ಸ್ ಮುಚ್ಚಬೇಡಿ. ಬೇರೆ ಟರ್ಮಿನಲ್‌ನಿಂದ ಆ ಎಸ್‌ಎಸ್‌ಎಚ್ ಪ್ರೊಸೆಸ್ ಒಂದನ್ನೇ ಕಿಲ್ ಮಾಡಿ. ಕಂಟ್ರೋಲ್-ಜಿ (ನಡೆಯುತ್ತಿರುವುದನ್ನು ನಿಲ್ಲಿಸುವ ಕೀಲಿ) ಕೆಲಸ ಮಾಡಿದರೆ ಟ್ರ್ಯಾಂಪ್-ಕ್ಲೀನಪ್-ದಿಸ್-ಕನೆಕ್ಷನ್ ಅನ್ನುವ ಕಮಾಂಡ್ ಸಾಕು.

ಇನ್ನೊಬ್ಬರು:
ನನಗೆ ಫೈಲ್ ತೆರೆಯುವಾಗಲೇ 60 ಸೆಕೆಂಡ್ ಕಾದು ಎರರ್ ಬರುತ್ತದೆ. ಟರ್ಮಿನಲ್‌ನಲ್ಲಿ ಲಾಗಿನ್ ಸರಾಗ. ಸರ್ವರ್‌ನಲ್ಲಿ ಕಮಾಂಡ್ ಓದಿ ನಡೆಸುವ ಶೆಲ್ ಝಡ್‌ಶೆಲ್, ಬಣ್ಣದ ಪ್ರಾಂಪ್ಟ್ (ಕಮಾಂಡ್ ಬರೆಯುವ ಮುಂಚೆ ಕಾಣುವ ಗುರುತು).

ಉತ್ತರ:
ನಿಮ್ಮದು ಬೇರೆ ಕಥೆ. ಟ್ರ್ಯಾಂಪ್ ಪ್ರಾಂಪ್ಟ್‌ಗೋಸ್ಕರ ಕಾಯುತ್ತದೆ, ಬಣ್ಣದ ಗುರುತುಗಳ ನಡುವೆ ಅದನ್ನು ಗುರುತಿಸಲಾಗದೆ ಕೂರುತ್ತದೆ. ಸರ್ವರ್‌ನ ಝಡ್‌ಶೆಲ್ ಆರ್‌ಸಿ ಫೈಲ್‌ನ ಮೊದಲಲ್ಲೇ ಒಂದು ಷರತ್ತು ಹಾಕಿ: ಟರ್ಮ್ (ಟರ್ಮಿನಲ್ ಯಾವ ಬಗೆಯದು ಅಂತ ಹೇಳುವ ವೇರಿಯೇಬಲ್) ಡಂಬ್ ಆಗಿದ್ದರೆ ಝಡ್‌ಎಲ್‌ಇ (ಝಡ್‌ಶೆಲ್‌ನಲ್ಲಿ ಸಾಲು ತಿದ್ದುವ ಭಾಗ) ಆಫ್, ಪ್ರಾಂಪ್ಟ್ ಬರೀ ಡಾಲರ್ ಚಿಹ್ನೆ ಮತ್ತು ಒಂದು ಸ್ಪೇಸ್, ಅಲ್ಲಿಂದಲೇ ವಾಪಸ್. ಟ್ರ್ಯಾಂಪ್ ಡಂಬ್ ಅಂತಲೇ ಹೇಳಿಕೊಂಡು ಬರುವುದರಿಂದ ನಿಮ್ಮ ಮಾಮೂಲಿ ಲಾಗಿನ್‌ನ ಬಣ್ಣ ಹೋಗುವುದಿಲ್ಲ. ಆಗಲೂ ಆಗದಿದ್ದರೆ ಟ್ರ್ಯಾಂಪ್-ವರ್ಬೋಸ್ (ಎಷ್ಟು ವಿವರ ಬರೆಯಬೇಕು ಅನ್ನುವ ಸೆಟ್ಟಿಂಗ್) 6 ಮಾಡಿ, ಡೀಬಗ್ ಬಫರ್‌ನ ಕೊನೆಯ ಸಾಲುಗಳನ್ನು ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು:
ಎರಡು ಸಾಲು ಹಾಕಿದೆ, ಊಟ ಮುಗಿಸಿ ಬಂದ ಮೇಲೂ ಸೇವ್ ಆಯಿತು. ತುಂಬಾ ಥ್ಯಾಂಕ್ಸ್ ಸರ್. ಫೈಲ್ ತೆರೆಯುವುದು ಮಾತ್ರ ಸ್ವಲ್ಪ ನಿಧಾನ ಅನ್ನಿಸುತ್ತಿದೆ.

ಉತ್ತರ:
ಫೈಲ್ ತೆರೆದಾಗೆಲ್ಲ ವರ್ಷನ್ ಕಂಟ್ರೋಲ್ (ಫೈಲ್‌ನ ಬದಲಾವಣೆಗಳ ಇತಿಹಾಸ ಇಡುವ, ಗಿಟ್‌ನಂಥ ವ್ಯವಸ್ಥೆ) ಯಾವುದು ಅಂತ ಈಮ್ಯಾಕ್ಸ್ ಹುಡುಕುತ್ತದೆ, ಪ್ರತಿಯೊಂದಕ್ಕೂ ಸರ್ವರ್‌ಗೆ ಹೋಗಿ ಬರಬೇಕು. ಗಿಟ್ ಮಾತ್ರ ಬಳಸುತ್ತೀರಿ ಅಲ್ವಾ? ವಿಸಿ-ಹ್ಯಾಂಡಲ್ಡ್-ಬ್ಯಾಕೆಂಡ್ಸ್ ಪಟ್ಟಿಯಲ್ಲಿ ಗಿಟ್ ಒಂದನ್ನೇ ಉಳಿಸಿ ನೋಡಿ.