ಪಾರ್ಕ್ ಗೇಟಿನ ಬೀಗ, ಲೈಬ್ರರಿ ನೋಟಿಸ್: ಎಲ್ರೂ ಓದಿ

ಮನೆ 14:
ಲೈಬ್ರರಿ ಬಾಗ್ಲಿಗೆ ನೋಟಿಸ್ ಅಂಟಿಸಿದಾರೆ ನೋಡಿದ್ರಾ? ಓದೋಕೆ ಬರೋರು ಕಮ್ಮಿ ಆಗಿದಾರಂತೆ, ಅದಕ್ಕೆ ಮುಂದಿನ ತಿಂಗಳಿಂದ ವಾರಕ್ಕೆ ಮೂರೇ ದಿನ ತೆಗೀತಾರಂತೆ. ಯಾಕೆ ಕಮ್ಮಿ ಆದ್ರು ಅಂತ ಮಾತ್ರ ಯಾರೂ ಕೇಳಿಲ್ಲ. ಲೈಬ್ರರಿಗೆ ನೇರ ದಾರಿ ಇರೋದೇ ಪಾರ್ಕ್ ಒಳಗಿಂದ, ಪಾರ್ಕಿಗೆ 10ರಿಂದ 4ರ ತನಕ ಬೀಗ, ಇನ್ನು ಹಿಂದಿನ ಸಂದೀಲಿ ಸುತ್ತಾಕ್ಕೊಂಡು ಹೋಗೋಕೆ ನನ್ನಂಥ ಮಂಡಿನೋವಿನವರಿಗೆ ಎಲ್ಲಾಗುತ್ತೆ.

ಮನೆ 31:
ಬೇಜಾರಾಗ್ಬೇಡಿ ಸರ್, ಈಗ ಎಲ್ಲಾ ಫೋನಲ್ಲೇ ಸಿಗುತ್ತಲ್ಲ

ಮನೆ 8:
ಓದೋದು ಸಿಗುತ್ತೆ, ಕೂರೋ ಜಾಗ ಸಿಗಲ್ಲ. ನಮ್ದು ಎರಡು ರೂಮಿನ ಮನೆ, ಒಂದ್ಕಡೆ ಟಿವಿ, ಇನ್ನೊಂದ್ಕಡೆ ಮಾವನವರ ಕೆಮ್ಮು, ಮಗಳು ಎಗ್ಸಾಮಿಗೆ ಓದಿದ್ದೆಲ್ಲ ಆ ಲೈಬ್ರರಿ ಮೂಲೆ ಟೇಬಲ್ಲಲ್ಲೇ. ಮೂರು ಗಂಟೆ ಕೂತ್ರೂ ಯಾರೂ ಬಂದು ಏನ್ ತಗೋತೀರ ಅಂತ ಕೇಳಲ್ಲ, ತಲೆ ಬಿಸಿಯಾದ್ರೆ ಪಾರ್ಕಲ್ಲಿ ಒಂದು ರೌಂಡ್ ಹಾಕಿ ಬರ್ತಿದ್ಳು, ಈಗ ಅದೂ ಇಲ್ಲ.

ಮನೆ 22:
ಒಂದ್ನಿಮಿಷ. ಮಧ್ಯಾಹ್ನ ಕುಡಿದು ಬಂದು ಮಲಗ್ತಾರೆ, ಬೀಗ ಹಾಕ್ಸಿ ಅಂತ ಹೋದ್ವರ್ಷ ಅರ್ಜಿ ಕೊಟ್ಟಿದ್ದು ನಾವೇ ಅಲ್ವಾ?

ಮನೆ 14:
ಹೌದು, ನಾನೂ ಸೈನ್ ಹಾಕಿದ್ದೆ. ಕುಡಿಯೋರು ಕಾಂಪೌಂಡ್ ಹಾರಿ ಈಗ್ಲೂ ಬರ್ತಾರೆ ಮೇಡಂ, ಹೊರಗುಳಿದಿದ್ದು ನಾವಷ್ಟೇ.

ಮನೆ 5:
ನ್ಯೂಯಾರ್ಕಿನ ದೊಡ್ಡ ಪಬ್ಲಿಕ್ ಲೈಬ್ರರಿ ಬೆನ್ನಿಗೇ ಬ್ರಯಂಟ್ ಪಾರ್ಕ್ ಅಂತಿದೆ. ರಸ್ತೆಗಿಂತ ಎತ್ತರ, ಸುತ್ತ ಗಿಡದ ಬೇಲಿ, ಒಳಗೆ ಏನ್ ನಡೀತಿದೆ ಅಂತ ಹೊರಗಿನವರಿಗೆ ಕಾಣ್ತಾನೇ ಇರ್ಲಿಲ್ಲ, 1970ರ ದಶಕದಲ್ಲಿ ಡ್ರಗ್ಸ್ ಮಾರೋರ ಅಡ್ಡೆ ಆಗೋಗಿತ್ತು. ಆಗ ವಿಲಿಯಂ ವೈಟ್ ಅನ್ನೋರು (ಜನ ಎಲ್ಲಿ ಕೂರ್ತಾರೆ, ಎಲ್ಲಿ ಕೂರಲ್ಲ ಅಂತ ಕ್ಯಾಮರಾ ಇಟ್ಕೊಂಡು ನೋಡೋದೇ ಅವರ ಕೆಲ್ಸ) ಬೇಲಿ ತೆಗೀರಿ, ಒಳಗೆ ಬರೋ ದಾರಿ ಜಾಸ್ತಿ ಮಾಡಿ ಅಂದ್ರು. 1988ರಲ್ಲಿ ರಿಪೇರಿಗೆ ಮುಚ್ಚಿದ್ದು 1992ರಲ್ಲಿ ತೆಗೆದ್ರು, ಬೇಕಾದ ಕಡೆ ಎಳ್ಕೊಂಡು ಕೂರೋ ಕುರ್ಚಿ ಹಾಕಿದ್ರು, ಈಗ ಮಧ್ಯಾಹ್ನ ಕೂರೋಕೆ ಜಾಗ ಹುಡುಕ್ಬೇಕು. ಆ ಹುಲ್ಲಿನ ಕೆಳಗೇ ಲೈಬ್ರರಿ ಪುಸ್ತಕದ ಗೋದಾಮಿದೆ ಗೊತ್ತಾ!

ಮನೆ 22:
ಅವರಿಗೆ ಸೆಕ್ಯುರಿಟಿ ಇದೆ, ದುಡ್ಡಿದೆ. ನಮ್ಗೆ?

ಮನೆ 5:
ಒಪ್ತೀನಿ. ಆದ್ರೆ ಲೈಬ್ರರಿ ಕಿಟಕಿಗೆ ಅಡ್ಡ ಬೆಳೆದಿರೋ ಪೊದೆ ಕತ್ತರಿಸೋಕೆ ದುಡ್ಡೇನ್ ಬೇಕು, ಮಾಲಿಯವರಿಗೆ ಹೇಳಿದ್ರೆ ಸಾಕು. ಒಳಗೆ ಓದೋರಿಗೆ ಬೆಂಚ್ ಕಾಣುತ್ತೆ, ಬೆಂಚಲ್ಲಿ ಇರೋರಿಗೂ ಯಾರೋ ನೋಡ್ತಿದಾರೆ ಅಂತ ಗೊತ್ತಿರುತ್ತೆ.

ಮನೆ 22:
ಸರಿ, ಮಧ್ಯಾಹ್ನ ಬೀಗ ತೆಗೀರಿ, ಒಂದು ತಿಂಗಳು ಟ್ರಯಲ್ ಅಂತ ಹೊಸ ಅರ್ಜಿ ಬರೆಯೋದಾದ್ರೆ ನಾನೂ ಸೈನ್ ಹಾಕ್ತೀನಿ. ತೊಂದ್ರೆ ಆದ್ರೆ ಮತ್ತೆ ಕೂತು ಮಾತಾಡ್ಬೇಕು.

ಮನೆ 14:
ಟ್ರಯಲ್ ಅಂತಾನೇ ಬರೀತೀನಿ, ಅಲ್ಲೀವರೆಗೂ ಲೈಬ್ರರಿ ಟೈಮಿಂಗ್ ಬದಲಾಯಿಸ್ಬೇಡಿ ಅಂತಾನೂ. ಭಾನುವಾರ ಬೆಳಿಗ್ಗೆ 8ಕ್ಕೆ ಪಾರ್ಕ್ ಬೆಂಚ್ ಹತ್ರ ಬನ್ನಿ. ಮತ್ತೆ ಲೈಬ್ರರಿಗೆ ಹೋದೋರು ದಯವಿಟ್ಟು ರಿಜಿಸ್ಟರಲ್ಲಿ ಹೆಸರು ಬರೀರಿ, ಅವರು ಎಣಿಸೋದು ಅದನ್ನೇ.

ಮನೆ 31:
ಅಯ್ಯೋ, ಪೇಪರ್ ಓದೋಕೆ ಹೋದ್ರೂ ಬರೀಬೇಕಾ? ನಾನು ದಿನಾ ಹೋಗ್ತೀನಿ, ಒಂದಿನಾನೂ ಬರೆದಿಲ್ಲ

ಮನೆ 8:
ಫೋನಲ್ಲೇ ಸಿಗುತ್ತೆ ಅಂದ್ರಲ್ಲ ಸರ್ 😀