ಹಳೆಯ ಕಾರಿನಲ್ಲಿ ಕೂಲೆಂಟ್ ಸೋರಿಕೆ, ಜೊತೆಗೆ ಪೆಟ್ರೋಲ್ ವಾಸನೆ: 31,000 ರೂಪಾಯಿ ಸುರಿಯಬೇಕೇ?

ಜಯನಗರದ ಹಳೆಗಾಡಿ:
ನನ್ನದು 2009ರ ಪೆಟ್ರೋಲ್ ಕಾರು. ಹದಿನೈದು ವರ್ಷ ತುಂಬಿದಾಗ ಫಿಟ್‌ನೆಸ್ ಮಾಡಿಸಿ ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡಿದ್ದೇನೆ. ಈಗ ವಾರಕ್ಕೆ ಅರ್ಧ ಲೀಟರ್ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಕಡಿಮೆಯಾಗುತ್ತಿದ್ದು, ಸಿಲ್ಕ್ ಬೋರ್ಡ್ ಬಳಿಯ ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪೆಟ್ರೋಲ್ ವಾಸನೆಯೂ ಬರುತ್ತದೆ. ಗ್ಯಾರೇಜಿನವರು ರೇಡಿಯೇಟರ್, ವಾಟರ್ ಪಂಪ್, ಫ್ಯೂಯೆಲ್ ಲೈನ್ ಎಲ್ಲವನ್ನೂ ಬದಲಿಸಲು 31,000 ರೂಪಾಯಿ ಕೇಳುತ್ತಿದ್ದಾರೆ. ಸೋರುವುದು ಎಲ್ಲಿಂದ ಎಂದರೆ, ‘ಹಳೇ ಗಾಡಿ ಸಾರ್, ಎಲ್ಲಾ ಕಡೆಯಿಂದಲೂ’ ಎನ್ನುತ್ತಾರೆ. ಏನು ಮಾಡಲಿ?

ಸ್ಪ್ಯಾನರ್ ಬಸವನಗುಡಿ:
ಪೆಟ್ರೋಲ್ ವಾಸನೆಯ ಮೂಲ ಸಿಗುವವರೆಗೆ ದಯವಿಟ್ಟು ಗಾಡಿಯನ್ನು ಓಡಿಸಬೇಡಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಇಂಜೆಕ್ಷನ್ ಗಾಡಿಯ (ಎಂಜಿನ್ನಿಗೆ ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ಗಾಡಿ) ಪೆಟ್ರೋಲ್ ಪೈಪಿನಲ್ಲಿ ಸುಮಾರು ಮೂರು ಬಾರ್ ಒತ್ತಡವಿರುವುದರಿಂದ ಕೂದಲೆಳೆಯ ಬಿರುಕಿನಿಂದಲೂ ಪೆಟ್ರೋಲ್ ಚಿಮ್ಮಿ ಬಿಸಿ ಎಕ್ಸಾಸ್ಟ್ ಮೇಲೆ ಬೀಳಬಹುದು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲನ್ನು (ಶೇ 20ರಷ್ಟು ಎಥೆನಾಲ್ ಬೆರೆಸಿದ್ದು) ಮನಸ್ಸಿನಲ್ಲಿಟ್ಟುಕೊಂಡು 2009ರ ಪೈಪಿನ ರಬ್ಬರನ್ನು ಮಾಡಿದ್ದಲ್ಲ. ಹಾಗೆಂದು ಎಲ್ಲ ತಪ್ಪನ್ನೂ ಎಥೆನಾಲ್ ಮೇಲೆ ಹೊರಿಸಲಾರೆ, ಇಷ್ಟು ಹಳೆಯ ರಬ್ಬರು ತಾನಾಗಿಯೂ ಬಿರಿಯುತ್ತದೆ. ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಕೊಳ್ಳುವಾಗ ಇಂಜೆಕ್ಷನ್ ಗಾಡಿಯ ಹೋಸನ್ನೇ (ರಬ್ಬರ್ ಪೈಪ್) ಕೇಳಿ ಪಡೆಯಿರಿ, ಕ್ಲ್ಯಾಂಪುಗಳೂ ಹೊಸವಿರಲಿ.

ಯಶವಂತಪುರ 900:
ಕೂಲೆಂಟ್ ವಿಷಯಕ್ಕೆ, ಬಿಡಿಭಾಗ ಬದಲಿಸುವ ಮೊದಲು ಪ್ರೆಷರ್ ಟೆಸ್ಟ್ ಮಾಡಿಸಿ. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪಿನ ಜಾಗಕ್ಕೆ ಕೈಪಂಪ್ ಕೂಡಿಸಿ, ಕ್ಯಾಪಿನ ಮೇಲೆ ನಮೂದಿಸಿರುವಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಬಿಟ್ಟರೆ ಸೋರುವ ಜಾಗ ಸಾಮಾನ್ಯವಾಗಿ ತಾನೇ ಒದ್ದೆಯಾಗುತ್ತದೆ. ಹೊರಗೆ ಹನಿಯೂ ಕಾಣದೆ ಒತ್ತಡ ಇಳಿದರೆ ಒಳಗಿನ ಕಾರ್ಪೆಟ್ ಮುಟ್ಟಿ ನೋಡಿ, ಹೀಟರ್ ಕೋರ್ (ಕಾರಿನೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್) ಸೋರುತ್ತಿರಬಹುದು. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲು) ಹೋಗಿ ಕೂಲೆಂಟ್ ಆಯಿಲಿಗೆ ಬೆರೆತಿರುವ ಸಾಧ್ಯತೆಯಿದೆ, ಆಗ ಖರ್ಚಿನ ಲೆಕ್ಕವೇ ಬೇರೆ. ಕ್ಯಾಪನ್ನೂ ಪರೀಕ್ಷಿಸಿ. ನಮ್ಮ ಊರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಹಿಡಿದು ಆ ಮಿತಿಯನ್ನು ಮೇಲೇರಿಸುವುದು ಆ ಪುಟ್ಟ ಕ್ಯಾಪೇ. ಬೋರ್‌ವೆಲ್ ನೀರನ್ನಂತೂ ಸುರಿಯಬೇಡಿ, ಅದರ ಸುಣ್ಣ ರೇಡಿಯೇಟರಿನ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ.

ಜಯನಗರದ ಹಳೆಗಾಡಿ:
ಇಬ್ಬರಿಗೂ ಧನ್ಯವಾದಗಳು. ಬೇರೊಬ್ಬ ಮೆಕ್ಯಾನಿಕ್ ಮನೆಗೆ ಬಂದು ನೋಡಿದಾಗ ಇಂಜೆಕ್ಟರ್‌ಗಳ ಬಳಿಯ ಹೋಸ್ ಬಿರಿದಿತ್ತು, ಅದನ್ನು ಅಂದೇ ಬದಲಿಸಿದರು. ಪ್ರೆಷರ್ ಟೆಸ್ಟಿನಲ್ಲಿ ನೀರು ಒಸರಿದ್ದು ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಮಾತ್ರ. ಪಂಪ್, ಕ್ಯಾಪ್, ಹೊಸ ಕೂಲೆಂಟ್, ಹೋಸ್, ಕೂಲಿ ಎಲ್ಲ ಸೇರಿ 7,400 ರೂಪಾಯಿ ಆಯಿತು. ರೇಡಿಯೇಟರ್ ಹಳೆಯದೇ ಇದೆ.